‘ರನ್ ಔಟ್’: ನೀರು ಹರಿಯಿತೇ, ಮುಗಿಯಿತೇ?

ಸಿಂಧನೂರಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಒಂಬತ್ತನೇ ತರಗತಿಗೆ ಫ್ರೇಸಲ್ ವರ್ಬ್ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ‘ದ ಕೆನಾಲ್ ವಾಟರ್ ರ‍್ಯಾನ್ ಔಟ್’ ಎಂದು ಬರೆದು ಅರ್ಥ ಕೇಳಿದೆ. “ಕಾಲುವಿ ಒಡದು ನೀರು ಹೊರಗ ಹರೀತ್ರಿ ಸರ್” ಎಂದಳು ಒಬ್ಬ ಹುಡುಗಿ. ‘ತಪ್ಪು’ ಎಂದೆ. ಅವಳು ಮತ್ತೆ ಕೈ ಎತ್ತಲಿಲ್ಲ.

ತಪ್ಪು ನನ್ನದು. ‘ರನ್’ ಎಂದರೆ ಹರಿ, ‘ಔಟ್’ ಎಂದರೆ ಹೊರಗೆ. ಬಿಡಿ ವಾಕ್ಯಕ್ಕೆ ಆ ಅರ್ಥವೂ ಸಲ್ಲುತ್ತದೆ. ‘ಕೊಯ್ಲಿಗೆ ಮೊದಲೇ’ ಎಂಬ ಸಂದರ್ಭ ಸೇರಿಸಿದ್ದರೆ, ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆಚ್ಚಿ ಭತ್ತ ಬೆಳೆಯುವ ಮನೆಗಳ ಮಕ್ಕಳಿಗೆ ‘ನೀರು ಮುಗಿಯಿತು’ ಎಂಬುದು ತಾನೇ ಹೊಳೆಯುತ್ತಿತ್ತು.

ಮರುದಿನ ಎರಡು ರಚನೆಗಳನ್ನು ಜೊತೆಗಿಟ್ಟೆ. ಮುಗಿದ ವಸ್ತುವೇ ಕರ್ತೃವಾದರೆ ‘ದ ರೈಸ್ ರ‍್ಯಾನ್ ಔಟ್’. ಮನುಷ್ಯರು ಕರ್ತೃವಾದರೆ ‘ಆಫ್’ ಬೇಕು: ‘ವಿ ರ‍್ಯಾನ್ ಔಟ್ ಆಫ್ ರೈಸ್’. ಕನ್ನಡದಲ್ಲಿ ಎರಡಕ್ಕೂ ‘ನಮ್ಮಲ್ಲಿ ಅಕ್ಕಿ ಮುಗಿಯಿತು’ ಎನ್ನುತ್ತೇವೆ. ಮಕ್ಕಳು ಎಡವುವುದು ಇಲ್ಲಿಯೇ. ಬಸ್ ಪಾಸಿನ ಅವಧಿ ಮುಗಿದರೂ ‘ರನ್ ಔಟ್’. ಕ್ರಿಕೆಟ್ಟಿನದು ಮಾತ್ರ ಬೇರೆ. ಅಲ್ಲಿ ಔಟಾಗುವವನು ಆಟಗಾರ.

‘ನಿನ್ನೆ ನೀನು ಹೇಳಿದ್ದೂ ಒಂದು ಅರ್ಥವೇ’ ಎಂದು ಆ ಹುಡುಗಿಗೆ ಹೇಳಿ, ಸ್ವಂತ ವಾಕ್ಯ ಕೇಳಿದೆ. ‘ವಿ ರ‍್ಯಾನ್ ಔಟ್ ಆಫ್ ವಾಟರ್’ ಎಂದು ಬರೆದಳು.

ಸಂದರ್ಭ ಕೊಡದೆ ಫ್ರೇಸಲ್ ವರ್ಬಿನ ಅರ್ಥ ಕೇಳಬಾರದೆಂದು ಪಾಠಯೋಜನೆಯಲ್ಲಿ ಬರೆದುಕೊಂಡೆ.