ಕರಗಿಹೋದ ಸಾಕ್ಷಿ

2008ರ ಜನವರಿ 17. ಬೀಜಿಂಗ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಇಳಿಯುತ್ತಿತ್ತು. ನೆಲ ಇನ್ನು 700 ಅಡಿ ಇದೆ ಎನ್ನುವಾಗ ಬಲಗಡೆಯ ಎಂಜಿನ್ ಸೊರಗಿತು. ಏಳು ಸೆಕೆಂಡಿನಲ್ಲಿ ಎಡಗಡೆಯದೂ ಸೊರಗಿತು. ರನ್‌ವೇಗೆ ಸುಮಾರು 330 ಮೀಟರ್ ಮೊದಲೇ ವಿಮಾನ ಹುಲ್ಲಿನ ಮೇಲೆ ಅಪ್ಪಳಿಸಿತು. ಒಳಗಿದ್ದ 152 ಮಂದಿಯೂ ಬದುಕಿದರು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ಇಂಧನ ಮುಗಿದಿರಬೇಕು ಎಂದರು. ಟ್ಯಾಂಕುಗಳಲ್ಲಿ ಹತ್ತು ಟನ್ನಿಗೂ ಹೆಚ್ಚು ಇತ್ತು. ಆ ಹೊತ್ತಿಗೆ ಬ್ರಿಟನ್ನಿನ ಆಗಿನ ಪ್ರಧಾನಿ ಗಾರ್ಡನ್ ಬ್ರೌನ್ ಅವರ ಕಾರುಗಳು ಅದೇ ನಿಲ್ದಾಣದತ್ತ ಬರುತ್ತಿದ್ದವು, ಅವುಗಳಲ್ಲಿದ್ದ, ರೇಡಿಯೊ ಸಂಕೇತ ತಡೆಯುವ ಜಾಮರ್‌ನಿಂದಲೇ ಎಂಜಿನ್ ಕೆಟ್ಟಿತು ಎಂದರು. ಕ್ಯಾಪ್ಟನ್ ಗಾಬರಿಯಿಂದ ಕೈಕಟ್ಟಿ ಕೂತಿದ್ದ ಎಂಬ ಗುಸುಗುಸು ಎಲ್ಲಕ್ಕಿಂತ ಕ್ರೂರ. ಕೊನೆಯ ಗಳಿಗೆಯಲ್ಲಿ ಆತ ರೆಕ್ಕೆಯ ಫ್ಲ್ಯಾಪ್‌ಗಳನ್ನು ತುಸು ಮೇಲಕ್ಕೆ ಸರಿಸಿದ್ದರಿಂದ ವಿಮಾನ ಐವತ್ತು ಮೀಟರಿನಷ್ಟು ಮುಂದೆ ಸಾಗಿ, ಅಡ್ಡವಿದ್ದ ಆಂಟೆನಾ ಸಾಲನ್ನು ದಾಟಿತ್ತು. ಅದು ಗೊತ್ತಾದದ್ದು ಲೆಕ್ಕ ಹಾಕಿದ ಮೇಲೆ.

ಬ್ರಿಟನ್ನಿನ ತನಿಖಾಧಿಕಾರಿಗಳು ಮರುದಿನ ಹೇಳಿದ್ದು ಇಷ್ಟೇ: ಹೆಚ್ಚು ಬಲ ಕೇಳಿದಾಗ ಎಂಜಿನ್‌ಗಳು ಕೊಡಲಿಲ್ಲ. ಏನಾಯಿತು ಎಂದರು, ಏಕೆ ಎನ್ನಲಿಲ್ಲ. ದತ್ತಾಂಶ ದಾಖಲೆಯಲ್ಲಿ ಇಂಧನದ ಕವಾಟಗಳು ಪೂರ್ತಿ ತೆರೆದಿದ್ದವು, ಆದರೂ ಇಂಧನ ಸಾಲದಾಗಿತ್ತು. ಪಂಪುಗಳೊಳಗೆ ಸವೆತದ ಹೊಸ ಗುರುತುಗಳು. ಎಲ್ಲೋ ಏನೋ ಕಟ್ಟಿಕೊಂಡಿತ್ತು. ಬಿಚ್ಚಿ ನೋಡಿದರೆ ಏನೂ ಇಲ್ಲ!

ಕಟ್ಟಿಕೊಂಡದ್ದು ಮಂಜುಗಡ್ಡೆ, ಅದು ಕರಗಿಹೋಗಿತ್ತು. ವಿಮಾನದ ಇಂಧನ ಎಷ್ಟೇ ಶುದ್ಧವಿರಲಿ, ಅದರಲ್ಲಿ ನೀರಿನ ಅಂಶ ತುಸು ಇದ್ದೇ ಇರುತ್ತದೆ. ಸೈಬೀರಿಯಾ ದಾಟಿ ಬಂದ ಈ ವಿಮಾನದ ಇಂಧನ ಮೈನಸ್ 34 ಡಿಗ್ರಿಗೆ ಇಳಿದಿತ್ತು. ಇಂಧನ ಹೆಪ್ಪುಗಟ್ಟಲು ಮೈನಸ್ 57 ಬೇಕು. ನೀರಿಗೆ ಅಷ್ಟು ಬೇಡವಲ್ಲ. ಗಂಟೆಗಟ್ಟಲೆ ಕೊಳವೆಗಳ ಒಳಗೋಡೆಗೆ ಅಂಟಿದ್ದ ಮೆತ್ತನೆಯ ಮಂಜು, ಇಳಿಯುವಾಗ ಇಂಧನದ ಹರಿವು ಏಕಾಏಕಿ ಹೆಚ್ಚಿದೊಡನೆ ಕಿತ್ತುಬಂದು, ಬಿಸಿ ಎಣ್ಣೆಯಿಂದ ಇಂಧನವನ್ನು ಕಾಯಿಸುವ ಸಾಧನದ ಬಾಯಿಗೇ ಮೆತ್ತಿಕೊಂಡಿತು. ಚಳಿ ಕಳೆಯಬೇಕಾದ ಜಾಗದಲ್ಲೇ ಅಡ್ಡಿ!

ಇದನ್ನು ಒರೆಗೆ ಹಚ್ಚಲು ಪ್ರಯೋಗಾಲಯದಲ್ಲಿ ಇಂಧನ ವ್ಯವಸ್ಥೆಯ ಮಾದರಿ ಕಟ್ಟಿ, ತಣಿಸಿ, ನೀರು ಬೆರೆಸಿ ನೋಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಶಾಂಘೈಯಿಂದ ಅಟ್ಲಾಂಟಾಗೆ ಹೊರಟ ಡೆಲ್ಟಾ ವಿಮಾನವೊಂದರ ಇದೇ ಬಗೆಯ ಎಂಜಿನ್ ಅಮೆರಿಕದ ಮೊಂಟಾನಾ ಮೇಲೆ ಸೊರಗಿ, ಮತ್ತೆ ಚೇತರಿಸಿಕೊಂಡಿತು. ಅಂತಿಮ ವರದಿ ಬಂದದ್ದು 2010ರ ಫೆಬ್ರುವರಿಯಲ್ಲಿ. ಎರಡು ವರ್ಷ ದುಡಿದವರು ಆಗಲೂ ಬರೆದದ್ದು ‘ಸಂಭವನೀಯ ಕಾರಣ’ ಎಂದೇ. ಮೊದಲ ಸಂಜೆ ಟೀವಿಯಲ್ಲಿ ಯಾರಿಗೂ ಆ ಅಳುಕು ಇರಲಿಲ್ಲ.

ಇಂಧನ ಕಾಯಿಸುವ ಆ ಸಾಧನದ ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳ ತುದಿ ತಟ್ಟೆಯಿಂದ ನಾಲ್ಕು ಮಿಲಿಮೀಟರ್ ಹೊರಚಾಚಿತ್ತು. ಮಂಜು ಸಿಕ್ಕಿಕೊಳ್ಳಲು ಅಷ್ಟು ಸಾಕಾಗಿತ್ತು. ಹೊಸ ವಿನ್ಯಾಸದಲ್ಲಿ ಆ ತುದಿಗಳನ್ನು ತಟ್ಟೆಗೆ ಸಮವಾಗಿಸಿದರು.