ಕಾಲುವೆಯ ನೀರೂ ಕಾಯಿದೆಯೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲೂಕುಗಳು ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ದೋಆಬ್ ಸೀಮೆಗೆ ಸೇರಿದವು. ಎರಡು ಮಹಾನದಿಗಳ ನಡುವೆ ಇದ್ದರೂ ಈ ನಾಡು ಬಹುಕಾಲ ಮುಗಿಲ ಕಡೆಗೇ ನೋಡಿ ಬದುಕಿತು. ವರ್ಷಕ್ಕೆ ಬೀಳುವ ಮಳೆ ಸುಮಾರು 24 ಅಂಗುಲ. ಅದೂ ಬೇಕಾದ ಕಾಲಕ್ಕೆ ಬರುವುದೆಂಬ ಭರವಸೆಯಿಲ್ಲ. ಆಮೇಲೆ ಕಾಲುವೆ ಬಂದಿತು. ಅದರ ಹಿಂದೆಯೇ ಕಾಯಿದೆಯೂ ಬಂದಿತು. ಮಳೆಯು ಯಾರ ಹೊಲವೆಂದು ಕೇಳಿ ಸುರಿಯುವುದಿಲ್ಲ. ಕಾಲುವೆಯ ನೀರಾದರೋ ಸರ್ವೆ ನಂಬರನ್ನು ಕೇಳಿಯೇ ಹರಿಯತಕ್ಕುದು. ಈ ಭೇದವನ್ನು ತಿಳಿಯದೆ ನಡೆಯುವ ಜಗಳಗಳು ಅನೇಕ. ಆದುದರಿಂದ ಈ ಕಾಯಿದೆಯ ತಿರುಳೇನೆಂಬುದನ್ನು ನಾವು ಇಂದು ವಿಚಾರಿಸೋಣ.

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. ತುಂಗಭದ್ರಾ ಅಣೆಕಟ್ಟಿಗೆ 1945ನೆಯ ಫೆಬ್ರವರಿ 28ರಂದು ಅಸ್ತಿಭಾರ ಹಾಕಲಾಯಿತು. ಆಗ ನದಿಯ ಎಡದಂಡೆ ನಿಜಾಮ ಸರ್ಕಾರದ್ದು, ಬಲದಂಡೆ ಮದರಾಸು ಸರ್ಕಾರದ್ದು. 1357 ಫಸಲಿ, ಎಂದರೆ 1947-48ರಲ್ಲಿ, ಹೈದರಾಬಾದು ಸಂಸ್ಥಾನವು ತನ್ನ ನೀರಾವರಿ ಕಾಯಿದೆಯನ್ನು ಮಾಡಿತು. 1953ರಲ್ಲಿ ಕಾಲುವೆಗೆ ನೀರು ಬಂದಿತು. 1956ರಲ್ಲಿ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆ ಬಳಿಕ ಇಡೀ ರಾಜ್ಯಕ್ಕೆ ಒಂದೇ ಆಗಿ 1965ರ ನೀರಾವರಿ ಕಾಯಿದೆ ಹುಟ್ಟಿತು. ಇಂದಿಗೂ, ತಿದ್ದುಪಡಿಗಳೊಡನೆ, ನಡೆಯುತ್ತಿರುವುದು ಅದೇ.

ಈ ನೀರಿಗೆ ಮೂರು ಕಟ್ಟುಗಳುಂಟು. ಮೊದಲನೆಯದು ರಾಜ್ಯ ರಾಜ್ಯಗಳ ನಡುವಣ ಕಟ್ಟು. ಕೃಷ್ಣಾ ಕಣಿವೆಯ ನೀರನ್ನು ಬಚಾವತ್ ನ್ಯಾಯಾಧಿಕರಣವು ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಪ್ರದೇಶಗಳಿಗೆ ಪಾಲು ಮಾಡಿ 1976ರಲ್ಲಿ ಅಂತಿಮ ಆಜ್ಞೆಯನ್ನಿತ್ತಿತು. ಎರಡನೆಯದು ಭೂಮಿ ಭೂಮಿಗಳ ನಡುವಣ ಕಟ್ಟು. ಯಾವ ಸರ್ವೆ ನಂಬರು ಅಚ್ಚುಕಟ್ಟಿಗೆ ಸೇರಿತು, ಅದರಲ್ಲಿ ಯಾವ ಬಗೆಯ ಬೆಳೆಗೆ ನೀರು ಸಲ್ಲತಕ್ಕುದು ಎಂಬುದನ್ನು ಸರ್ಕಾರದವರು ಮೊದಲೇ ಗೊತ್ತುಮಾಡುವರು. ಇಲಾಖೆಯವರು ಇದನ್ನು ಲೋಕಲೈಸೇಷನ್ ಎನ್ನುವರು. ಮೂರನೆಯದು ರೈತ ರೈತರ ನಡುವಣ ಕಟ್ಟು: ಒಂದು ತೂಬಿನ ನೀರನ್ನು ಸರದಿಯ ಪ್ರಕಾರ ಬಿಡುವ ವಾರಾಬಂದಿ. ಮೊದಲನೆಯ ಕಟ್ಟನ್ನು ರಾಜ್ಯಗಳು ಕಾಯುತ್ತವೆ. ಎರಡನೆಯದೂ ಮೂರನೆಯದೂ ಸಡಿಲಿದ್ದರಿಂದಲೇ ಇಲ್ಲಿಯ ಸಂಕಟವೆಲ್ಲ ಹುಟ್ಟಿದೆ.

ಸಂಕಟವು ಹೇಗೆ ಹುಟ್ಟಿತೆಂಬುದನ್ನು ನೋಡೋಣ. ಎಡದಂಡೆಯ ಕಾಲುವೆಯು ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರುಗಳ ಸೀಮೆಯನ್ನು ದಾಟಿ ಮಾನ್ವಿ, ರಾಯಚೂರುಗಳ ಕಡೆಗೆ ಸುಮಾರು 141 ಮೈಲು ಹರಿಯುತ್ತದೆ. ಇದರ ಅಚ್ಚುಕಟ್ಟಿನ ಬಹುಭಾಗವು ಜೋಳ, ಹತ್ತಿ, ಶೇಂಗಾ ಮೊದಲಾದ ಅಲ್ಪ ನೀರಿನ ಬೆಳೆಗಳಿಗೆಂದು ಗೊತ್ತಾದುದು. ಬತ್ತಕ್ಕೆ ಬಿಟ್ಟುದು ಸ್ವಲ್ಪ. ಆದರೆ ನೀರು ಬಂದೊಡನೆ ಮೇಲುಭಾಗದವರು ಬತ್ತವನ್ನೇ ಹಿಡಿದರು. ಆಂಧ್ರದ ಕಡೆಯಿಂದ ಬಂದು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡವರೂ, ಅವರನ್ನು ನೋಡಿ ಕಲಿತ ಊರವರೂ ದುಡಿದುದರಿಂದ ಸಿಂಧನೂರು ಬತ್ತದ ಕಣಜವೆನಿಸಿತು. ಆ ದುಡಿಮೆಯನ್ನು ನಾವು ಹಳಿಯಲಾರೆವು. ಆದರೆ ಒಂದು ಎಕರೆ ಬತ್ತವು ಕುಡಿಯುವ ನೀರಿನಿಂದ ಜೋಳ ಹತ್ತಿಗಳ ಎರಡು ಮೂರು ಎಕರೆಗಳು ಬೆಳೆದಾವು. ಮೇಲೆ ಬೆಳೆದ ಬತ್ತವು ಕೆಳಗಿನ ಬೇರೊಬ್ಬನ ಪಾಲನ್ನು ಕುಡಿದೇ ಬೆಳೆದುದು. ನೀರು ಹೆಚ್ಚಾದ ಎರೆಭೂಮಿಯಲ್ಲಿ ಸವುಳು ಏರಿ ಮೇಲಿನವನ ಹೊಲವೂ ಅಲ್ಲಲ್ಲಿ ಕೆಟ್ಟಿತು. ಅಚ್ಚುಕಟ್ಟಿನ ಹೊರಗಿನವರು ಕಾಲುವೆಗೆ ಪಂಪು ಹೂಡುವುದೂ ಇದರೊಡನೆ ಸೇರಿತು. ಜಲಾಶಯವಾದರೂ ಹಿಗ್ಗಲಿಲ್ಲ, ಕುಗ್ಗಿತು: ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿಯಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಇದರ ಫಲವನ್ನು ಉಣ್ಣುವವನು ಕೊನೆಭಾಗದ ರೈತ. ಅವನ ಭೂಮಿಯು ಕಾಗದದಲ್ಲಿ ನೀರಾವರಿ, ಕಣ್ಣಿಗೆ ಬೆದ್ದಲು. ಅದಕ್ಕಾಗಿಯೇ ಅವರು ನೀರನ್ನು ಕಾಲುವೆಯ ಗೇಜಿನಿಂದ ಅಳೆದು, 104ನೆಯ ಮೈಲಿನಲ್ಲಿ ಇಷ್ಟು ಅಡಿ ನಿಲ್ಲಲೇಬೇಕೆಂದು ವರ್ಷವರ್ಷವೂ ಕೂಗುವರು.

ಕಾಯಿದೆಯು ಇದಕ್ಕೆ ಏನನ್ನುತ್ತದೆ? ಅಪ್ಪಣೆಯಿಲ್ಲದೆ ನೀರೆತ್ತುವುದು, ತೂಬನ್ನು ಒಡೆಯುವುದು, ಗೊತ್ತಾದುದಕ್ಕೆ ವಿರೋಧವಾಗಿ ಬೆಳೆಯಿಡುವುದು ಇವೆಲ್ಲಕ್ಕೂ ದಂಡವುಂಟು. 2024ರಲ್ಲಿ ತಿದ್ದುಪಡಿಯಾಗಿ ಶಿಕ್ಷೆಯು ಇನ್ನೂ ಬಿಗಿಯಾಯಿತು. ಕೆಲವು ವರ್ಷಗಳಲ್ಲಿ ಕಾಲುವೆಯ ದಂಡೆಯಲ್ಲಿ ನಿಷೇಧಾಜ್ಞೆಯನ್ನು ಹೊರಡಿಸಿದುದೂ ಉಂಟು. ಆದರೆ ತಪ್ಪುಮಾಡಿದವನು ಒಬ್ಬನಾದರೆ ಪೊಲೀಸಿನವನು ಸಾಕು. ಊರಿಗೆ ಊರೇ ಬತ್ತವಿಟ್ಟರೆ ಯಾರನ್ನು ಹಿಡಿಯುವುದು? ದಂಡವು ಹಿಡಿಯಲಾರದ ಕಡೆ ಒಪ್ಪಂದವೇ ಹಿಡಿಯಬೇಕು. 2000ದ ತಿದ್ದುಪಡಿಯು ಈ ದಾರಿಯನ್ನೇ ತೆರೆಯಿತು: ರೈತರು ನೀರು ಬಳಕೆದಾರರ ಸಹಕಾರ ಸಂಘವನ್ನು ಕಟ್ಟಿಕೊಂಡು, ಇಲಾಖೆಯಿಂದ ನೀರನ್ನು ಅಳತೆಯ ಮೇಲೆ ಪಡೆದು, ತಮ್ಮೊಳಗೆ ತಾವೇ ಹಂಚಿಕೊಳ್ಳಬಹುದು.

ಲಿಂಗಸುಗೂರಿನ ಕಡೆಯ ಮಾತು ಬೇರೆ. ಅಲ್ಲಿಗೆ ನೀರು ಬರುವುದು ಕೃಷ್ಣೆಯ ನಾರಾಯಣಪುರದ ಬಲದಂಡೆ ಕಾಲುವೆಯಿಂದ. ಆ ಕಾಲುವೆಯ 5ಎ ಶಾಖೆಯನ್ನು ತಮ್ಮ ಕಡೆಗೂ ತರಬೇಕೆಂದು ಮಸ್ಕಿ ಸೀಮೆಯ ರೈತರು 2020ರಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಹೂಡಿದರು. ನೀರನ್ನು ಕಂಡೂ ಮುಟ್ಟಲಾರದವರ ನೋವು ನ್ಯಾಯವಾದುದೇ. ಆದರೆ ಮೇಲಿನ ಪಾಲು ಗೊತ್ತಾಗದೆ ಕೆಳಗೆ ಹೊಸ ಎಲೆ ಹಾಕಿದರೆ, ಬಡಿಸುವುದು ಮತ್ತೊಬ್ಬನ ಎಲೆಯಿಂದಲೇ ಆದೀತು.

ಆದುದರಿಂದ ನಾವು ರೈತಬಾಂಧವರಿಗೆ ಅರಿಕೆ ಮಾಡುವುದಿಷ್ಟು. ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆಯೆಂದು ಗೊತ್ತಾಗಿದೆಯೋ ನೀರಾವರಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿರಿ. ನೀರಿನ ಕರವನ್ನು ಕೊಟ್ಟು ರಸೀದಿಯನ್ನು ಜೋಪಾನವಾಗಿಡಿರಿ. ನೀರು ಬಾರದಿದ್ದರೆ ಬರಹದಲ್ಲಿಯೇ ದೂರು ಕೊಡಿರಿ. ತೂಬಿನ ಮೇಲಿನವನೂ ಕೆಳಗಿನವನೂ ಒಂದೇ ಸಂಘದಲ್ಲಿ ಕುಳಿತುಕೊಳ್ಳಿರಿ. ಮೇಲಿನವನು ತೂಬನ್ನು ಮುಚ್ಚುವ ಗಳಿಗೆಯಲ್ಲಿಯೇ ಕೆಳಗಿನವನ ಹೊಲಕ್ಕೆ ಕಾಯಿದೆಯು ತಲಪುವುದು. ಅಲ್ಲಿಯವರೆಗೆ ಅದು ಬರಿಯ ಕಾಗದ.