ಮತ ಒಂದು ಮನೆಯದು, ನಾಣ್ಯ ಹದಿನೇಳು ಮನೆಯದು

ಆರು ವಾರಗಳ ಅಂತರದಲ್ಲಿ ಒಂದು ರಾಷ್ಟ್ರವು ಎರಡು ಬಾರಿ ಮತ ನೀಡಬೇಕಾಗಿ ಬಂದ ಪ್ರಸಂಗವು 2012ರಲ್ಲಿ ಗ್ರೀಸ್ ದೇಶದಲ್ಲಿ ನಡೆಯಿತು. ದೂರದ ಸಂಗತಿಯೆಂದು ನಮ್ಮ ಹೋಟೆಲು ಬಂಧುಗಳು ಪುಟ ತಿರುವಬಾರದು. ಆ ಮತದಾನದ ಬುಡದಲ್ಲಿ ಇದ್ದುದು ದುಡಿಯುವವನ ಸಂಬಳವೇ.

ಗ್ರೀಸ್ 2001ರಲ್ಲಿ ತನ್ನ ದ್ರಾಖ್ಮಾ ನಾಣ್ಯವನ್ನು ಬಿಟ್ಟು ಯೂರೋ ಕೂಟವನ್ನು ಸೇರಿತು. ದೊಡ್ಡ ಮನೆತನದ ನಂಟಸ್ತನ ಬೆಳೆಸಿದವನಿಗೆ ಅಂಗಡಿಯವರು ಕೇಳಿದಷ್ಟು ಕಡ ಕೊಡುವಂತೆ, ಅದಕ್ಕೂ ಕಡಿಮೆ ಬಡ್ಡಿಗೆ ಸಾಲ ಧಾರಾಳವಾಗಿ ದೊರೆಯಿತು. 2009ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಪಪಾಂಡ್ರೂ ಸರ್ಕಾರವು ಲೆಕ್ಕದ ಪುಸ್ತಕ ಬಿಚ್ಚಿದಾಗ, ವರ್ಷದ ಖೋತಾ ಹಿಂದಿನವರು ಹೇಳಿದುದಕ್ಕಿಂತ ಇಮ್ಮಡಿಯಾಗಿತ್ತು. ಬಳಿಕ ಸಾಲ ಕೊಡುವವರಾರು? 2010ರ ಮೇ ತಿಂಗಳಲ್ಲಿ ಯೂರೋ ರಾಷ್ಟ್ರಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಕೂಡಿ 11,000 ಕೋಟಿ ಯೂರೋಗಳ ನೆರವನ್ನು ಕಠಿಣ ಕರಾರುಗಳೊಡನೆ ಒಪ್ಪಿದವು.

1991ರ ಸಂಕಟದಲ್ಲಿ ನಮ್ಮ ಭಾರತವು ರೂಪಾಯಿಯ ಬೆಲೆಯನ್ನು ತಗ್ಗಿಸಿ ಉಸಿರಾಡಿತು. ಗ್ರೀಸಿಗೆ ಆ ದಾರಿ ಇರಲಿಲ್ಲ. ಹದಿನೇಳು ರಾಷ್ಟ್ರಗಳ ನಾಣ್ಯವನ್ನು ಒಂದೇ ರಾಷ್ಟ್ರ ತಗ್ಗಿಸುವುದೆಂತು? ನಾಣ್ಯವನ್ನು ಇಳಿಸಲಾರದೆ ಸಂಬಳವನ್ನು ಇಳಿಸಿದರು. 2012ರ ಫೆಬ್ರವರಿಯಲ್ಲಿ ತಿಂಗಳ ಕನಿಷ್ಠ ವೇತನ 751 ಯೂರೋಗಳಿಂದ 586ಕ್ಕೆ ಬಂತು. ಇಪ್ಪತ್ತೈದು ತುಂಬದ ತರುಣರಿಗೆ ಕಡಿತ ಶೇಕಡಾ 32.

ಗಲ್ಲಾದಲ್ಲಿ ಕುಳಿತ ಕಾಲದಲ್ಲಿ ನಾವೂ ಒಮ್ಮೆ ಇದನ್ನೇ ಮಾಡಿದ್ದುಂಟು. ಬಡ್ಡಿಯ ಕಾಟ ತಾಳಲಾರದೆ ಕೆಲಸದವರ ಸಂಬಳ ಕಡಿದೆವು. ಇಬ್ಬರು ಒಳ್ಳೆಯ ಅಡಿಗೆಯವರು ಬಿಟ್ಟುಹೋದರು, ಸಾಂಬಾರಿನ ರುಚಿ ಕೆಟ್ಟಿತು, ಗಿರಾಕಿಗಳು ಎದುರಿನ ಹೋಟೆಲಿಗೆ ನಡೆದರು. ಬಡ್ಡಿ ಮಾತ್ರ ಒಂದು ಕಾಸೂ ಇಳಿಯಲಿಲ್ಲ. ಗ್ರೀಸಿನಲ್ಲಿಯೂ ಆದಾಯ ಕುಗ್ಗಿದಂತೆ ಸಾಲದ ಭಾರ ಹೆಚ್ಚಿತು. 2013ರಲ್ಲಿ ನಿರುದ್ಯೋಗ ಶೇಕಡಾ 27ನ್ನು ದಾಟಿತು.

ಇಂತಹ ಹೊತ್ತಿನಲ್ಲಿ, 2012ರ ಮೇ 6ರಂದು, ಜನ ಮತಗಟ್ಟೆಗೆ ಹೋದರು. 2009ರಲ್ಲಿ ಶೇಕಡಾ 44ರಷ್ಟು ಮತ ಗಳಿಸಿದ್ದ ಪಾಸೋಕ್ ಪಕ್ಷ 13ಕ್ಕೆ ಕುಸಿಯಿತು. ಕರಾರನ್ನು ಹರಿದೆಸೆಯೋಣ, ಯೂರೋವನ್ನು ಮಾತ್ರ ಬಿಡುವುದು ಬೇಡ ಎಂದ ಸಿಪ್ರಾಸ್ ಅವರ ಸಿರಿಜಾ ಪಕ್ಷ ಎರಡನೆಯದಾಯಿತು. ಸರ್ಕಾರ ರಚಿಸಲು ಯಾರಿಂದಲೂ ಆಗಲಿಲ್ಲ. ದ್ರಾಖ್ಮಾ ಮರಳಿ ಬಂದರೆ ಕೂಡಿಟ್ಟ ಹಣ ಕರಗುವುದೆಂಬ ಭೀತಿಯಿಂದ ಜನರು ಬ್ಯಾಂಕುಗಳಿಂದ ಹಣ ತೆಗೆಯತೊಡಗಿದರು. ಜೂನ್ 17ರ ಮರುಚುನಾವಣೆಯಲ್ಲಿ ಸಮಾರಾಸ್ ಅವರ ನವ ಪ್ರಜಾಪ್ರಭುತ್ವ ಪಕ್ಷಕ್ಕೆ ಶೇಕಡಾ 29.7, ಸಿರಿಜಾಕ್ಕೆ 26.9. ಮೊದಲು ಬಂದವರಿಗೆ 50 ಸ್ಥಾನಗಳ ಉಡುಗೊರೆ ಅಲ್ಲಿನ ಕಾನೂನಿನಲ್ಲಿದ್ದುದರಿಂದ ಸಮಾರಾಸ್ ಪ್ರಧಾನಿಯಾದರು. ಹಸಿದವನು ಭಯದಿಂದ ಮತ ನೀಡಿದನೆಂದು ಜರೆಯುವವರುಂಟು. ನಾವು ಜರೆಯಲಾರೆವು; ಕೂಡಿಟ್ಟ ನಾಲ್ಕು ಕಾಸಿನ ಚಿಂತೆ ಏನೆಂಬುದನ್ನು ಬಲ್ಲೆವು.

2015ರ ಜನವರಿಯಲ್ಲಿ ಸಿರಿಜಾ ಗೆದ್ದಿತು. ಜೂನ್ ಕೊನೆಗೆ ಬ್ಯಾಂಕುಗಳು ಮುಚ್ಚಿದವು. ದಿನಕ್ಕೆ 60 ಯೂರೋ ಮಾತ್ರ ಕೈಗೆ ಸಿಗುತ್ತಿತ್ತು. ಜುಲೈ 5ರಂದು ಶೇಕಡಾ 61 ಜನ ಸಾಲ ಕೊಟ್ಟವರ ಷರತ್ತುಗಳಿಗೆ 'ಬೇಡ' ಎಂದರು. ಎಂಟೇ ದಿನಗಳಲ್ಲಿ ಸಿಪ್ರಾಸ್ ಹೊಸ ಕರಾರಿಗೆ ತಲೆಬಾಗಿದರು.

586ಕ್ಕೆ ಇಳಿದ ಆ ಸಂಬಳ ಮತ್ತೆ 751ನ್ನು ದಾಟಲು 2023ರ ಏಪ್ರಿಲ್ ತಿಂಗಳು ಬರಬೇಕಾಯಿತು.